ಟರ್ಕಿ ಬೇಟೆಯಲ್ಲಿ ಗಾಳಿ, ಚಳಿ, ಮಳೆ: ಚರೆ ಗುರಿ ತಪ್ಪದಂತೆ ನೋಡಿಕೊಳ್ಳುವ ಕ್ರಮ

ಪ್ರತಿ ವರ್ಷ ಮೇ ಮೊದಲ ವಾರ ಪೆನ್ಸಿಲ್ವೇನಿಯಾದ ಗೆಳೆಯರಿಂದ ನನಗೆ ಒಂದೇ ತರದ ಫೋನ್ ಬರುತ್ತದೆ. ಕಾಡಿನ ಟರ್ಕಿ ಕೋಳಿಯ ಹುಂಜ ಕೂಗುತ್ತಾ ಬಂತು, ನಲವತ್ತು ಗಜದಲ್ಲಿ ನಿಂತಿತು, ಗುರಿ ಸರಿಯಾಗೇ ಇಟ್ಟಿದ್ದೆ, ಈಡು ಹಾರಿಸಿದೆ, ಓಡಿಹೋಯ್ತು. ಗಾಳಿ ಎಷ್ಟಿತ್ತು ಅಂತ ಕೇಳಿದರೆ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಗಾಳಿಯನ್ನು ಯಾರೂ ನೋಡಿರುವುದಿಲ್ಲ.

ಚರೆ ಕೋವಿಗೆ (ಒಂದೇ ಗುಂಡಿನ ಬದಲು ಸಣ್ಣ ಕಾಳುಗಳ ಗುಂಪು ಹಾರಿಸುವ ಬಂದೂಕು) ಗಾಳಿ ಲೆಕ್ಕಕ್ಕಿಲ್ಲ, ಅದೆಲ್ಲ ರೈಫಲ್‌ನವರ ತಲೆನೋವು ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಕಟಾವಾದ ಜೋಳದ ಹೊಲದ ಅಂಚಿನಲ್ಲಿ, ಬಲದಿಂದ ಎಡಕ್ಕೆ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ, 42 ಗಜದಲ್ಲಿ ನಿಂತ ಹುಂಜಕ್ಕೆ ಹೊಡೆದೆ. ಅದು ಎಗರಿ, ಒಂದು ರೆಕ್ಕೆ ಇಳಿಬಿಟ್ಟುಕೊಂಡು ಪೊದೆ ಸೇರಿತು. ಮಧ್ಯಾಹ್ನದವರೆಗೆ ಹುಡುಕಿದರೂ ಸಿಗಲಿಲ್ಲ. ಆ ಹಕ್ಕಿ ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಕೆಳಗಿನ ಕ್ರಮ ಕಲಿತದ್ದು ಅದಾದ ಮೇಲೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ, ಏಕೆಂದರೆ ಪ್ರತಿಯೊಂದೂ ಅದರ ಹಿಂದಿನದರ ಮೇಲೆ ನಿಂತಿದೆ.

ಶುರು ಮಾಡುವ ಮುಂಚೆ ಎರಡು ವಿಷಯ

ಇದು ಅಮೆರಿಕದ ವಸಂತ ಕಾಲದ ಟರ್ಕಿ ಬೇಟೆಗೆ ಮಾತ್ರ. ಊರಿನಲ್ಲಿ ಇದನ್ನು ಯಾವ ಹಕ್ಕಿಯ ಮೇಲೂ ಪ್ರಯತ್ನಿಸುವ ಮಾತೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿ ಕೂಡ ಚರೆಯ ಗಾತ್ರ, ಬೇಟೆಯ ಹೊತ್ತು, ಬೇರೆ ಬೇಟೆಗಾರರಿಗೆ ಕಾಣಲಿ ಅಂತ ತೊಡುವ ಕಿತ್ತಳೆ ಬಟ್ಟೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೈಸೆನ್ಸ್ ಮಾಡಿಸುವಾಗ ಆ ವರ್ಷದ ನಿಯಮಪುಸ್ತಕ ಓದಿಕೊಳ್ಳಿ.

ಎಚ್1ಬಿ ತರದ ವೀಸಾದಲ್ಲಿ ಇರುವವರು ಇನ್ನೂ ಹುಷಾರಾಗಿರಬೇಕು. ಫೆಡರಲ್ ಕಾನೂನಿನ ಪ್ರಕಾರ ಅವರು ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಗೆಳೆಯನ ಕೋವಿ ಸುಮ್ನೆ ಕೈಯಲ್ಲಿ ಹಿಡಿಯುವ ಮುಂಚೆಯೂ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಬೇಕಾದ ಸಾಮಾನು

ಬೇಟೆಗೆ ಒಯ್ಯುವ ಅದೇ ಕೋವಿ, ಅದೇ ಚೋಕ್ (ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಕೊಳವೆ), ಅದೇ ತೋಟಾ. ಮೂರಡಿ ಅಗಲ, ಮೂರಡಿ ಉದ್ದದ ಕಾಗದದ ಹಾಳೆಗಳು ಒಂದು ಡಜನ್. ದಪ್ಪ ಸ್ಕೆಚ್ ಪೆನ್ನು, ಅಳತೆ ಟೇಪು, ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್. ಕೋವಿ ಊರಲು ಮರಳು ಚೀಲ. ಕೈಯಲ್ಲಿ ಹಿಡಿಯುವ ಗಾಳಿಮಾಪಕ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಕಾಡಿಗೆ ಹೋಗುವಾಗ ಒಂದು ಗೇಣು ಉಣ್ಣೆ ದಾರ, ಒಣ ಹತ್ತಿ ಬಟ್ಟೆ, ಕೋವಿ ಊರುವ ಕೋಲು.

ದಾರದ ಬಣ್ಣ ಕಂದು ಅಥವಾ ಕಡು ಹಸಿರು ಇರಲಿ. ಕೆಂಪು, ಬಿಳಿ, ನೀಲಿ ಬೇಡವೇ ಬೇಡ. ಗಂಡು ಟರ್ಕಿಯ ತಲೆಯ ಬಣ್ಣ ಅದೇ ಮೂರು. ಗಾಳಿಗೆ ಅಲ್ಲಾಡುವ ಕೆಂಪು ದಾರ ಕಂಡು ಇನ್ನೊಬ್ಬ ಬೇಟೆಗಾರ ಕೋವಿ ತಿರುಗಿಸಿದರೆ ಎದುರಿಗೆ ಕೂತಿರುವುದು ನೀವು.

ಹಂತ 1: ಗಾಳಿ ಎಷ್ಟು ತಳ್ಳುತ್ತದೆ ಅಂತ ತಿಳಿದುಕೊಳ್ಳಿ

ಟರ್ಕಿಯ ಮೈಗೆ ಹೊಡೆಯುವುದಿಲ್ಲ. ಎದೆಯ ಗರಿ, ಮಾಂಸ, ರೆಕ್ಕೆಯ ಮೂಳೆ ದಾಟಿ ಚರೆ ಒಳಗೆ ಹೋಗುವ ನಂಬಿಕೆ ಇಲ್ಲ. ತಲೆ ಮತ್ತು ಕತ್ತಿನ ಮೂಳೆ ಸಾಲು ಮಾತ್ರ ಗುರಿ. ಆ ಮೂಳೆ ಸಾಲು ಎರಡು ಇಂಚು ಅಗಲವೂ ಇಲ್ಲ. ಅದಕ್ಕೇ ಟರ್ಕಿ ಚೋಕ್ ಚರೆಗಳನ್ನು ಒತ್ತಟ್ಟಿಗೆ ಹಿಡಿದು ಕಳಿಸುತ್ತದೆ. ಗುಂಪು ಬಿಗಿಯಾದಷ್ಟೂ ಗಾಳಿಯ ತಪ್ಪು ಜಾಸ್ತಿ ಕಾಡುತ್ತದೆ. ಅಗಲವಾಗಿ ಹರಡಿದ ಗುಂಪು ಆರು ಇಂಚು ಪಕ್ಕಕ್ಕೆ ಸರಿದರೂ ನಾಲ್ಕು ಚರೆ ಕತ್ತಿಗೆ ತಗಲಬಹುದು. ಬಿಗಿ ಗುಂಪು ಆರು ಇಂಚು ಸರಿದರೆ ಅದರ ನಡುಭಾಗ ಪೂರ್ತಿ ಕತ್ತಿನ ಪಕ್ಕದಿಂದ ಹೋಗಿಬಿಡುತ್ತದೆ.

ಎಷ್ಟು ಸರಿಯುತ್ತದೆ? 5ನೇ ನಂಬರ್ ಸೀಸದ ಚರೆ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು), ಸೆಕೆಂಡಿಗೆ ಸುಮಾರು 1,200 ಅಡಿ ವೇಗ, ನೇರ ಅಡ್ಡಗಾಳಿ ಗಂಟೆಗೆ 10 ಮೈಲಿ ಅಂತ ಇಟ್ಟುಕೊಳ್ಳಿ. 20 ಗಜದಲ್ಲಿ ಗುಂಪು ಸುಮಾರು 2 ಇಂಚು ಸರಿಯುತ್ತದೆ. 30 ಗಜದಲ್ಲಿ 4 ಇಂಚು. 40 ಗಜದಲ್ಲಿ 7 ಇಂಚು. ದೂರ ಎರಡು ಪಟ್ಟಾದರೆ ಸರಿಯುವುದು ಹೆಚ್ಚುಕಡಿಮೆ ನಾಲ್ಕು ಪಟ್ಟು. ಚರೆ ಹೋಗ್ತಾ ಹೋಗ್ತಾ ವೇಗ ಕಳೆದುಕೊಳ್ಳುತ್ತದೆ, ಕಳೆದುಕೊಂಡಷ್ಟೂ ಗಾಳಿಯ ಕೈಗೆ ಸಿಗುತ್ತದೆ. ಗಾಳಿ 20 ಮೈಲಿ ಆದರೆ ಈ ಅಂಕಿಗಳೆಲ್ಲ ಎರಡು ಪಟ್ಟು.

ಗಾಳಿ ಓರೆಯಾಗಿ ಬಂದರೆ ಲೆಕ್ಕ ಕಡಿಮೆಯಾಗುತ್ತದೆ. ಗುರಿಯ ಗೆರೆಗೆ 45 ಡಿಗ್ರಿ ಓರೆ ಇದ್ದರೆ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ, 30 ಡಿಗ್ರಿ ಇದ್ದರೆ ಅರ್ಧ. ನೇರ ಎದುರಿನಿಂದ ಅಥವಾ ಬೆನ್ನ ಹಿಂದಿನಿಂದ ಬಂದರೆ ಈ ದೂರಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಈ ಕೊನೆಯ ಮಾತು ನೆನಪಿರಲಿ, ಹಂತ 5ರಲ್ಲಿ ಇದೇ ಕೆಲಸಕ್ಕೆ ಬರುವುದು.

ಇಲ್ಲಿ ಆಗುವ ತಪ್ಪು: ಟಿಎಸ್‌ಎಸ್ ಟಂಗ್‌ಸ್ಟನ್ ಚರೆ ಕೊಂಡವರು ತಮಗೆ ಗಾಳಿಯ ಚಿಂತೆ ಮುಗಿಯಿತು ಅಂದುಕೊಳ್ಳುತ್ತಾರೆ. ಟಿಎಸ್‌ಎಸ್ ಸೀಸಕ್ಕಿಂತ ತುಂಬಾ ತೂಕದ್ದು ನಿಜ. ಒಂದು ಘನ ಸೆಂಟಿಮೀಟರಿಗೆ ಸುಮಾರು 18 ಗ್ರಾಂ, ಸೀಸ 11 ಚಿಲ್ಲರೆ. ಆದರೆ ನಾವು ಹಾಕುವುದು 9ನೇ ನಂಬರ್, ಸಾಸಿವೆ ಕಾಳಿನಷ್ಟು. ತೂಕದಲ್ಲಿ ಗಳಿಸಿದ್ದನ್ನು ಗಾತ್ರ ತಿಂದುಹಾಕುತ್ತದೆ. ಅದೇ ವೇಗದಲ್ಲಿ ಬಿಟ್ಟರೆ 9ನೇ ನಂಬರ್ ಟಿಎಸ್‌ಎಸ್ ಗಾಳಿಗೆ ಸರಿಯುವುದು ಹೆಚ್ಚುಕಡಿಮೆ 4ನೇ ನಂಬರ್ ಸೀಸದಷ್ಟೇ. ಟಿಎಸ್‌ಎಸ್‌ನಲ್ಲಿ ಲಾಭ ಇರುವುದು ಚರೆಗಳ ಸಂಖ್ಯೆಯಲ್ಲಿ. ಇನ್ನು ಸ್ಟೀಲ್ ಚರೆ ಹಗುರ, ಅದು ಸೀಸಕ್ಕಿಂತಲೂ ಬೇಗ ಗಾಳಿಗೆ ಒಲಿಯುತ್ತದೆ.

ಹಂತ 2: ಗಾಳಿ ಇಲ್ಲದ ದಿನ ಕಾಗದಕ್ಕೆ ಹೊಡೆಯಿರಿ

ಕೋವಿಯ ಸ್ವಂತ ದೋಷ ಎಷ್ಟು ಅಂತ ಗೊತ್ತಿಲ್ಲದೆ ಗಾಳಿಯ ದೋಷ ಅಳೆಯಲು ಆಗುವುದಿಲ್ಲ. ಅದಕ್ಕೆ ಮೊದಲ ಸಲ ಎಲೆ ಅಲ್ಲಾಡದ ಬೆಳಿಗ್ಗೆಯೇ ಬೇಕು.

ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು 20 ಗಜದಿಂದ ಶುರು ಮಾಡಿ. ಕೋವಿಯನ್ನು ಮರಳು ಚೀಲದ ಮೇಲೆ ಊರಿ, ಚುಕ್ಕೆಗೇ ಗುರಿ ಇಡಿ. 20 ಗಜದಲ್ಲಿ ಗುಂಪಿನ ನಡುಭಾಗ ಚುಕ್ಕೆಯ ಮೇಲೆ ಕೂರುವ ತನಕ ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಗುರಿ ಸಾಧನ) ಅಥವಾ ಸೈಟ್ (ಕೋವಿಯ ಮೇಲಿನ ಗುರಿ ಗುರುತು) ಸರಿ ಮಾಡಿ. ಇದಕ್ಕೆ ಅಗ್ಗದ ತೋಟಾ ಸಾಕು. ಟಿಎಸ್‌ಎಸ್ ತೋಟಾ ಒಂದಕ್ಕೆ ಹತ್ತು ಡಾಲರ್ ಆಸುಪಾಸು ಬೀಳುತ್ತದೆ, ಭುಜಕ್ಕೂ ಜೋರು ಒದೆತ. ಆದರೆ ಕೊನೆಗೆ ನೋಡುವ ಹಾಳೆಗಳಿಗೆ ಮಾತ್ರ ಬೇಟೆಯ ತೋಟಾವನ್ನೇ ಹಾಕಬೇಕು. ಅಗ್ಗದ್ದು ಒಂದು ಕಡೆ ಬಿದ್ದರೆ ದುಬಾರಿಯದ್ದು ಇನ್ನೊಂದು ಕಡೆ ಬೀಳುವುದು ಮಾಮೂಲಿ.

ಆಮೇಲೆ 30 ಗಜ, 40 ಗಜ. ಪ್ರತಿ ದೂರಕ್ಕೂ ಕನಿಷ್ಠ ಎರಡು ಹಾಳೆ. ತೂತುಗಳು ಅತಿ ದಟ್ಟವಾಗಿರುವ ಜಾಗಕ್ಕೆ 10 ಇಂಚಿನ ವೃತ್ತ ಹಾಕಿ, ಒಳಗಿನ ತೂತು ಎಣಿಸಿ. ಎಣಿಸಿದ ತೂತಿಗೆ ಪೆನ್ನಿಂದ ಗೀಟು ಹಾಕುತ್ತಾ ಹೋಗಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 10 ಇಂಚಿನ ವೃತ್ತದಲ್ಲಿ 100 ತೂತು ಅನ್ನುವುದು ಇಲ್ಲಿನ ಟರ್ಕಿ ಬೇಟೆಗಾರರು ಬಹುಕಾಲದಿಂದ ಇಟ್ಟುಕೊಂಡ ಅಳತೆ. ಯಾವ ದೂರದಲ್ಲಿ ನಿಮ್ಮ ಲೆಕ್ಕ ಅದಕ್ಕಿಂತ ಕೆಳಗೆ ಇಳಿಯುತ್ತದೋ, ಗಾಳಿ ಇಲ್ಲದ ದಿನವೂ ಅದೇ ನಿಮ್ಮ ಗಡಿ.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು, ದೂರ, ತೋಟಾ, ಚೋಕ್, ಉಷ್ಣಾಂಶ ಬರೆಯಿರಿ. ಸೋಮಾರಿತನ ಮಾಡಬೇಡಿ. ಮುಂದಿನ ಹಂತ ನಿಂತಿರುವುದೇ ಈ ಹಾಳೆಗಳ ಮೇಲೆ.

ಹಂತ 3: ಗಾಳಿ ಇರುವ ದಿನ ಮತ್ತೆ ಹೊಡೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಗಾಳಿ ಇದ್ದರೆ ಇವತ್ತು ಬೇಡ ಅಂತ ಗುರಿ ಅಭ್ಯಾಸದ ರೇಂಜ್‌ನಿಂದ ವಾಪಸ್ ಬರುತ್ತಾರೆ. ಗಾಳಿ ಇದ್ದ ದಿನವೇ ಹೋಗಬೇಕು.

10ರಿಂದ 15 ಮೈಲಿ ಅಡ್ಡಗಾಳಿ ಇರುವ ದಿನ ಅದೇ ತೋಟಾದಿಂದ 30 ಮತ್ತು 40 ಗಜಕ್ಕೆ ಹೊಡೆಯಿರಿ. ಸೈಟ್ ಮುಟ್ಟಬೇಡಿ. ಚುಕ್ಕೆಗೇ ಗುರಿ ಇಡಿ. ಹಾಳೆಯ ಹಿಂದೆ ಗಟ್ಟಿ ಹಲಗೆ ಇರಲಿ, ಹಾಳೆ ಪಟಪಟ ಬಡಿಯುತ್ತಿದ್ದರೆ ಫಲಿತಾಂಶ ನಂಬುವಂತಿಲ್ಲ.

ನಾನು ಹಕ್ಕಿ ಕಳೆದುಕೊಂಡ ವಾರವೇ ಇದನ್ನು ಮಾಡಿದೆ. ಗಾಳಿ ಇಲ್ಲದ ದಿನದ ಹಾಳೆಯಲ್ಲಿ ಚುಕ್ಕೆಯ ಸುತ್ತ ಕಾಗದ ಹರಿದು ಜರಡಿಯಾಗಿತ್ತು. ಗಾಳಿಯ ದಿನದ ಹಾಳೆಯಲ್ಲಿ ಆ ಜರಡಿ ಪೂರ್ತಿ ಎಡಕ್ಕೆ ಕೂತಿತ್ತು. ಚುಕ್ಕೆಯ ಬಲಗಡೆ ಅಲ್ಲೊಂದು ಇಲ್ಲೊಂದು ತೂತು. ನಾನು ಒಂದು ಕಾಗದದಲ್ಲಿ ಟರ್ಕಿಯ ತಲೆ, ಕತ್ತು ಬಿಡಿಸಿ, ಕತ್ತರಿಸಿ, ಚುಕ್ಕೆಯ ಮೇಲೆ ಇಟ್ಟು ನೋಡಿದೆ. ಕತ್ತಿನ ಮೂಳೆಯ ಗೆರೆಯ ಮೇಲೆ ಬಿದ್ದಿದ್ದು ಎರಡೇ ಚರೆ. ನನ್ನ ಗುರಿ ಆವತ್ತು ತಪ್ಪಿರಲಿಲ್ಲ. ನನ್ನ ದೂರ ತಪ್ಪಿತ್ತು.

ಒಂದು ಪರೀಕ್ಷೆ ತಪ್ಪದೆ ಮಾಡಿ. ಗುಂಪು ಎಡಕ್ಕೆ ಹೋಯಿತು ಅಂದಕೂಡಲೇ ಗಾಳಿಯೇ ಕಾರಣ ಅನ್ನಬೇಡಿ. ಸಡಿಲ ಚೋಕ್, ಸರಿದ ಸೈಟ್, ಟ್ರಿಗರ್ ಎಳೆಯುವಾಗ ಬೆಚ್ಚುವ ಅಭ್ಯಾಸ ಕೂಡ ಎಡಕ್ಕೆ ಒಯ್ಯುತ್ತವೆ. ಗಾಳಿ ಇನ್ನೊಂದು ದಿಕ್ಕಿನಿಂದ ಬೀಸುವ ದಿನ ಮತ್ತೆ ಹೊಡೆಯಿರಿ. ಗುಂಪು ಈಗ ಬಲಕ್ಕೆ ಹೋದರೆ ಗಾಳಿ. ಆಗಲೂ ಎಡಕ್ಕೇ ಹೋದರೆ ದೋಷ ಕೋವಿಯದ್ದು ಅಥವಾ ನಿಮ್ಮದು, ಹಂತ 2ಕ್ಕೆ ವಾಪಸ್ ಹೋಗಿ.

ಇಲ್ಲಿ ಆಗುವ ದೊಡ್ಡ ತಪ್ಪು: ಗಾಳಿಯ ದಿನ ಗುಂಪು ಸರಿದದ್ದು ನೋಡಿ ಸೈಟ್ ತಿರುಗಿಸುವುದು. ನಾಳೆ ಗಾಳಿ ನಿಂತರೆ ಕೋವಿ ಇನ್ನೊಂದು ಕಡೆ ಹೊಡೆಯುತ್ತದೆ.

ಹಂತ 4: ಬೇಟೆಯ ಬೆಳಿಗ್ಗೆ ಗಾಳಿ ಓದಿ

ಫೋನಿನ ಹವಾಮಾನ ಆ್ಯಪ್ ಹೇಳುವುದು ಬಯಲಿನಲ್ಲಿ, ಎತ್ತರದಲ್ಲಿ ಅಳೆದ ಗಾಳಿ. ನೀವು ಕೂರುವ ಕಣಿವೆಯ ಗಾಳಿ ಬೇರೆ. ಆ್ಯಪ್‌ನಿಂದ ದಿಕ್ಕು ತಿಳಿದುಕೊಳ್ಳಿ, ಜೋರು ಎಷ್ಟಿದೆ ಅಂತ ಕಣ್ಣಿಂದ ನೋಡಿ.

ಮುಖಕ್ಕೆ ಗಾಳಿ ತಾಗುತ್ತಿದೆ, ಎಲೆ ಸರಸರ ಅನ್ನುತ್ತಿದೆ ಅಂದರೆ 4ರಿಂದ 7 ಮೈಲಿ. ಎಲೆ, ಸಣ್ಣ ಕಡ್ಡಿ ಬಿಡುವಿಲ್ಲದೆ ಅಲ್ಲಾಡುತ್ತಿದ್ದರೆ 8ರಿಂದ 12. ಸಣ್ಣ ಕೊಂಬೆ ತೂಗುತ್ತಿದೆ, ಧೂಳು, ತರಗೆಲೆ ಏಳುತ್ತಿದೆ ಅಂದರೆ 13ರಿಂದ 18. ಎಳೆ ಮರ ಪೂರ್ತಿ ಓಲಾಡಿದರೆ 19ರ ಮೇಲೆ.

ನೀವು ಕೂತ ಕಡೆ ಗಾಳಿ ಇಲ್ಲದಿರಬಹುದು, ಹಕ್ಕಿ ನಿಲ್ಲುವ ಬಯಲಲ್ಲಿ ಇರಬಹುದು. ಚರೆಗೆ ತಾಗುವುದು ದಾರಿಯುದ್ದಕ್ಕೂ ಇರುವ ಗಾಳಿ. ಅದಕ್ಕೇ ಆ ಉಣ್ಣೆ ದಾರವನ್ನು 25-30 ಗಜ ಮುಂದಿನ ಒಂದು ಕಡ್ಡಿಗೆ ಕಟ್ಟಿ ಬನ್ನಿ. ದಾರ ನೇತಾಡುತ್ತಿದ್ದರೆ ಗಾಳಿ ಇಲ್ಲ, ಅಡ್ಡ ಮಲಗಿದ್ದರೆ ಜೋರು ಇದೆ. ನನ್ನ ಪ್ರಕಾರ ಗಾಳಿಮಾಪಕಕ್ಕಿಂತ ಇದು ಉಪಯೋಗ, ಹಕ್ಕಿ ಎದುರಿಗಿದ್ದಾಗ ಕೈ ಅಲ್ಲಾಡಿಸದೆ ನೋಡಬಹುದು.

ಹಂತ 5: ಗಾಳಿಯ ಗೆರೆಯಲ್ಲೇ ಕೂರಿ

ಜಿಂಕೆ ಬೇಟೆ ಮಾಡಿದವರಿಗೆ ಗಾಳಿ ಅಂದರೆ ವಾಸನೆಯ ಚಿಂತೆ. ಟರ್ಕಿಗೆ ಕಣ್ಣು, ಕಿವಿ ಅತಿ ಚುರುಕು, ಮೂಗು ಅಷ್ಟಕ್ಕಷ್ಟೆ. ಹಾಗಾಗಿ ಜಾಗ ಆರಿಸುವಾಗ ವಾಸನೆ ಮರೆತು ಚರೆಯ ಲೆಕ್ಕದಲ್ಲೇ ಕೂರಬಹುದು.

ಹಕ್ಕಿ ಯಾವ ಕಡೆಯಿಂದ ಬರಬಹುದು ಅಂತ ಯೋಚಿಸಿ, ಆ ಗೆರೆ ಗಾಳಿಯ ಗೆರೆಯ ಜೊತೆ ಹೊಂದುವ ಹಾಗೆ ಕೂರಿ. ಗಾಳಿ ಬೆನ್ನ ಹಿಂದಿನಿಂದ ಬಂದರೆ ಹೆಣ್ಣು ಟರ್ಕಿಯ ಹಾಗೆ ಕೂಗಿ ನೀವು ಕರೆಯುವ ಶಬ್ದ ಹಕ್ಕಿಯ ತನಕ ಹೋಗುತ್ತದೆ. ಎದುರಿನಿಂದ ಬಂದರೆ ಅದರ ಕೂಗು ನಿಮಗೆ ಕೇಳುತ್ತದೆ. ಎರಡರಲ್ಲೂ ಚರೆ ಪಕ್ಕಕ್ಕೆ ಸರಿಯುವುದಿಲ್ಲ. ಗಾಳಿಯನ್ನು ಲೆಕ್ಕ ಹಾಕಿ ಗೆಲ್ಲುವುದಕ್ಕಿಂತ ಎದ್ದು ಇಪ್ಪತ್ತು ಹೆಜ್ಜೆ ಆಚೆ ಕೂರುವುದು ಸುಲಭ, ಅಲ್ವಾ?

ಜೋರು ಗಾಳಿಯ ದಿನ ಟರ್ಕಿಗಳು ಸಹ ಗಾಳಿಯ ಮರೆಗೆ, ತಗ್ಗಿಗೆ ಇಳಿಯುತ್ತವೆ. ಗುಡ್ಡದ ಆಚೆ ಬದಿಯ ತಗ್ಗು ಸಿಕ್ಕರೆ ಅಲ್ಲೇ ಕೂರಿ, ಹಕ್ಕಿಯೂ ಅಲ್ಲಿ, ಗಾಳಿಯೂ ಕಡಿಮೆ.

ಬೆನ್ನಿಗೆ ಭುಜಕ್ಕಿಂತ ಅಗಲದ ಮರ ಇರಲಿ. ಹಿಂದಿನಿಂದ ರಕ್ಷಣೆ, ಜೊತೆಗೆ ಮೈ ಅಲ್ಲಾಡುವುದೂ ಕಡಿಮೆ. ತೆಳ್ಳಗಿನ ಮರ ಗಾಳಿಗೆ ಓಲಾಡಿದರೆ ಅದಕ್ಕೆ ಒರಗಿದ ನೀವೂ ಓಲಾಡುತ್ತೀರಿ. ಉದ್ದ ನಳಿಗೆಯನ್ನು ಗಾಳಿ ಪಕ್ಕದಿಂದ ತಳ್ಳುತ್ತಲೇ ಇರುತ್ತದೆ. ಎಡ ಮಂಡಿ ಎತ್ತಿ ಅದರ ಮೇಲೆ ಅಥವಾ ಕೋಲಿನ ಮೇಲೆ ಕೋವಿ ಊರಿ. ಎಡಗೈಯಲ್ಲಿ ಹೊಡೆಯುವವರು ಬಲ ಮಂಡಿ.

ಡಿಕಾಯ್ ಗೊಂಬೆಯನ್ನು (ಹುಂಜವನ್ನು ಹತ್ತಿರ ಸೆಳೆಯುವ ಟರ್ಕಿಯ ಗೊಂಬೆ) 20 ಗಜದಲ್ಲಿ ನೆಡಿ. ಗಾಳಿಗೆ ಅದು ಗಿರಗಿರ ತಿರುಗಿದರೆ ನಿಜವಾದ ಹಕ್ಕಿ ಹತ್ತಿರ ಬರುವುದಿಲ್ಲ, 45 ಗಜದಲ್ಲೇ ನಿಂತು ನಿಮ್ಮ ತಾಳ್ಮೆ ಪರೀಕ್ಷಿಸುತ್ತದೆ. ಗೊಂಬೆಯ ಬಾಲದ ಎರಡೂ ಕಡೆ ಒಂದೊಂದು ಕಡ್ಡಿ ನೆಟ್ಟರೆ ಸ್ವಲ್ಪ ಮಾತ್ರ ಅಲ್ಲಾಡುತ್ತದೆ. ಕೂತ ಮೇಲೆ ಸುತ್ತ 20, 30, 40 ಗಜಕ್ಕೆ ಒಂದೊಂದು ಮರ ಅಥವಾ ಕಲ್ಲು ಗುರುತು ಮಾಡಿಕೊಳ್ಳಿ.

ಹಂತ 6: ಚಳಿ, ಮಳೆ, ಮಂಜಿಗೆ ತಯಾರಿ

ಚಳಿ: ತಣ್ಣನೆಯ ಗಾಳಿ ದಟ್ಟ. 0 ಡಿಗ್ರಿ ಸೆಲ್ಸಿಯಸ್‌ನ ಗಾಳಿ 30 ಡಿಗ್ರಿಯದ್ದಕ್ಕಿಂತ ಸುಮಾರು ಹತ್ತರಲ್ಲಿ ಒಂದು ಪಾಲು ಜಾಸ್ತಿ ತೂಗುತ್ತದೆ. ಚರೆ ಬೇಗ ವೇಗ ಕಳೆದುಕೊಳ್ಳುತ್ತದೆ, ಗುಂಪು ಸ್ವಲ್ಪ ಸಡಿಲವಾಗುತ್ತದೆ. ಬೇಸಿಗೆಯ ಬಿಸಿಲಲ್ಲಿ ಮಾಡಿದ ಹಾಳೆಯನ್ನು ನಂಬಿ ಹಿಮ ಬಿದ್ದ ಬೆಳಿಗ್ಗೆ 40 ಗಜಕ್ಕೆ ಹೊಡೆಯಬೇಡಿ. ಬೇಟೆಯ ದಿನದಷ್ಟೇ ತಣ್ಣಗಿರುವ ದಿನ ಒಂದು ಹಾಳೆ ಮಾಡಿ. ಕೊಲೊರಾಡೊ ಕಡೆಯ ಬೆಟ್ಟಗಳಲ್ಲಿ ಇದು ತಿರುಗುಮುರುಗು. 8,000 ಅಡಿ ಎತ್ತರದಲ್ಲಿ ಗಾಳಿ ತೆಳು, ಗುಂಪು ಬಿಗಿಯಾಗೇ ಉಳಿಯುತ್ತದೆ. ತೇವಾಂಶದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಪರಿಣಾಮ ಅಳೆಯಲಾರದಷ್ಟು ಸಣ್ಣದು.

ಮಳೆ: ಹನಿಗಳು ಚರೆಯ ದಾರಿ ತಪ್ಪಿಸುವುದಿಲ್ಲ. ತೊಂದರೆ ಇರುವುದು ರೆಡ್ ಡಾಟ್ ಗಾಜಿನ ಮೇಲೆ. ಒಂದು ಹನಿ ಕೂತರೆ ಚುಕ್ಕೆ ಒಡೆದು ಮೂರಾಗಿ ಕಾಣುತ್ತದೆ. ಮುಚ್ಚಳ ಹಾಕಿಡಿ, ಒಣ ಬಟ್ಟೆ ಎದೆಯ ಜೇಬಿನಲ್ಲಿರಲಿ. ಬೆಚ್ಚಗಿನ ಮನೆಯ ಕೋವಿಯನ್ನು ತಣ್ಣಗೆ ಹೊರಗೆ ತಂದು ಮುಖವಾಡದೊಳಗಿಂದ ಉಸಿರು ಬಿಟ್ಟರೆ ಗಾಜು ಮಸುಕಾಗುತ್ತದೆ. ಉಸಿರು ಕೆಳಕ್ಕೆ ಬಿಡಿ. ಮಳೆ ನಿಂತ ಮೇಲೆ ಹಕ್ಕಿಗಳು ಬಯಲಿಗೆ ಬರುತ್ತವೆ, ಬಯಲಲ್ಲಿ ದೂರ ಹತ್ತಿರ ಕಾಣುತ್ತದೆ. ಮೋಸ ಹೋಗಬೇಡಿ.

ಮಂಜು: ರೇಂಜ್‌ಫೈಂಡರಿನ ಲೇಸರ್ ಮಂಜಿಗೆ ತಾಗಿ ವಾಪಸ್ ಬಂದು ಸುಳ್ಳು ಅಂಕಿ ತೋರಿಸಬಹುದು. ಮರದ ಗುರುತುಗಳನ್ನೇ ನಂಬಿ. ಹಕ್ಕಿಯ ಎದೆಯ ಗಡ್ಡ (ಎದೆಯಿಂದ ಇಳಿಬಿದ್ದ ಕೂದಲಿನಂಥ ಗರಿ ಗೊಂಚಲು) ಸ್ಪಷ್ಟ ಕಾಣದಿದ್ದರೆ, ಅದರ ಹಿಂದೆ ಏನಿದೆ ಅಂತ ಕಾಣದಿದ್ದರೆ, ಟ್ರಿಗರ್ ಹತ್ತಿರ ಬೆರಳೇ ಹೋಗಬಾರದು.

ಜೀವದ ಎಚ್ಚರಿಕೆ: ನಳಿಗೆಯ ಬಾಯಿಗೆ ಮಣ್ಣು, ಹಿಮ, ಎಲೆ ಹೊಕ್ಕಿರುವ ಅನುಮಾನ ಬಂದರೆ ತಕ್ಷಣ ತೋಟಾ ತೆಗೆಯಿರಿ, ಚೇಂಬರ್ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಖಾಲಿ ಅಂತ ಎರಡು ಸಲ ನೋಡಿ, ಆಮೇಲೆ ಚೇಂಬರ್ ಕಡೆಯಿಂದ ಬೆಳಕು ನೋಡಿ. ಹೊಡೆದು ಸ್ವಚ್ಛ ಮಾಡೋಣ ಅಂತ ಯಾವತ್ತೂ ಯೋಚಿಸಬೇಡಿ, ನಳಿಗೆ ಸಿಡಿಯುತ್ತದೆ.

ಹಂತ 7: ಹಕ್ಕಿ ಬರುವ ಮುಂಚೆಯೇ ದೂರ ತೀರ್ಮಾನಿಸಿ

ಹುಂಜ ಬಾಲ ಬಿಚ್ಚಿ ಎದುರಿಗೆ ನಿಂತಾಗ ಎದೆ ಡವಡವ ಅನ್ನುತ್ತಿರುತ್ತದೆ. ಆಗ ಲೆಕ್ಕ ಹಾಕಲು ಯಾರಿಂದಲೂ ಆಗುವುದಿಲ್ಲ. ಕೂತ ಹತ್ತು ನಿಮಿಷದೊಳಗೆ ಇವತ್ತಿನ ಗಡಿ ಯಾವ ಮರ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ.

ಕಾಗದದಲ್ಲಿ 40 ಗಜ ಚೆನ್ನಾಗಿ ಹೊಡೆಯುವ ನನ್ನ ಕೋವಿಗೆ ನಾನು ಇಟ್ಟುಕೊಂಡದ್ದು ಹೀಗೆ. ಅಡ್ಡಗಾಳಿ 7 ಮೈಲಿಯ ಒಳಗೆ ಇದ್ದರೆ 35 ಗಜ. 8ರಿಂದ 12 ಇದ್ದರೆ 30. 13ರಿಂದ 18 ಇದ್ದರೆ 25. ಅದರ ಮೇಲೆ ಹೋದರೆ 20, ಅಂದರೆ ಗೊಂಬೆಯ ಪಕ್ಕಕ್ಕೇ ಬರಬೇಕು. ಗಾಳಿ ಗುರಿಯ ಗೆರೆಯಲ್ಲೇ ಇದ್ದರೆ ಮಾತ್ರ 40. ನಿಮ್ಮ ಅಂಕಿ ನಿಮ್ಮ ಹಾಳೆಗಳಿಂದ ಬರಲಿ.

ಗಾಳಿ ಬರುವ ಕಡೆಗೆ ಸ್ವಲ್ಪ ಸರಿಸಿ ಗುರಿ ಇಟ್ಟರೆ ಆಗುವುದಿಲ್ಲವಾ ಅಂತ ಕೇಳುತ್ತಾರೆ. ಎರಡು ಇಂಚು ಸರಿಸಬಹುದು, ಕತ್ತಿನ ಗಾಳಿ ಕಡೆಯ ಅಂಚಿಗೆ ಗುರಿ ಇಟ್ಟರೆ ಅಷ್ಟಾಯಿತು. ಆರೇಳು ಇಂಚು ಸರಿಸಿ ಖಾಲಿ ಜಾಗಕ್ಕೆ ಗುರಿ ಇಡುವುದನ್ನು ನಾನು ಒಪ್ಪುವುದಿಲ್ಲ. ಗಾಳಿ ಒಂದೇ ಸಮ ಬೀಸುವುದಿಲ್ಲ. ನೀವು ಟ್ರಿಗರ್ ಎಳೆದ ಗಳಿಗೆಯಲ್ಲಿ ಅದು ನಿಂತರೆ ಗುಂಪು ನೀವು ಗುರಿ ಇಟ್ಟ ಖಾಲಿ ಜಾಗಕ್ಕೇ ಹೋಗುತ್ತದೆ.

ದಾರ ನೋಡಿ. ಅದು ಇಳಿಯುವ ತನಕ ಕಾಯಿರಿ, ಗಾಳಿ ಬೀಸುವ ನಡುವೆ ಬಿಡುವು ಬಂದೇ ಬರುತ್ತದೆ. ಹಕ್ಕಿ ಬಾಲ ಬಿಚ್ಚಿ ಕತ್ತು ಒಳಗೆಳೆದುಕೊಂಡಿದ್ದರೆ ಹೊಡೆಯಬೇಡಿ. ಬಾಯಿಂದ ಒಂದು ಸಲ ಜೋರಾಗಿ ಕ್ಲಕ್ ಅನ್ನಿ, ಗಾಳಿಯ ದಿನ ಮೆಲ್ಲಗಿನ ಶಬ್ದ ಅದಕ್ಕೆ ಕೇಳುವುದಿಲ್ಲ. ಕತ್ತು ನೀಳವಾಗಿ ಎತ್ತಿದಾಗ ಕತ್ತಿನ ನಡುವಿಗೆ ಗುರಿ. ಮಧ್ಯೆ ಕಡ್ಡಿ, ಕೊಂಬೆ ತೂಗಾಡುತ್ತಿಲ್ಲ ಅಂತ ನೋಡಿಕೊಂಡು ಕೆನ್ನೆ ಕೋವಿಯ ಹಿಂಭಾಗಕ್ಕೆ ಒತ್ತಿ, ಟ್ರಿಗರ್ ಎಳೆಯಿರಿ. ತಲೆ ಎತ್ತಿ ನೋಡುವ ಆತುರದಲ್ಲಿ ಕೆನ್ನೆ ಎತ್ತಿದರೆ ಈಡು ಮೇಲಕ್ಕೆ ಹೋಗುತ್ತದೆ, ಆಗ ಗಾಳಿಯನ್ನು ಬೈದು ಪ್ರಯೋಜನ ಇಲ್ಲ.

ಈಡು ಹಾರಿದ ಮೇಲೆ

ಕೋವಿ ಭುಜದಲ್ಲೇ ಇರಲಿ, ಹಕ್ಕಿ ಎದ್ದರೆ ಇನ್ನೊಂದು ಈಡು ಬೇಕಾಗಬಹುದು. ಬಿದ್ದರೆ ಸೇಫ್ಟಿ ಹಾಕಿ ನಡೆದು ಹೋಗಿ, ಓಡಬೇಡಿ.

ಹಕ್ಕಿ ಓಡಿದರೆ ಅದು ನಿಂತಿದ್ದ ಜಾಗ, ಕೊನೆಯ ಸಲ ಕಂಡ ಪೊದೆ ಎರಡನ್ನೂ ಗುರುತು ಮಾಡಿ. ಉದುರಿದ ಗರಿ ನೋಡಿ. ಬರೀ ಮೈಯ ಗರಿ ಸಿಕ್ಕರೆ ಗುಂಪು ಕೆಳಗೆ ಅಥವಾ ಪಕ್ಕಕ್ಕೆ ಬಿದ್ದಿದೆ. ಪೊದೆ, ಬಿದ್ದ ಮರದ ಅಡಿ, ಹಳ್ಳದ ಅಂಚು ಒಂದೂ ಬಿಡದೆ ಹುಡುಕಿ. ಗಾಯಗೊಂಡ ಟರ್ಕಿ ಇಂಥ ಕಡೆ ಅಲ್ಲಾಡದೆ ಕೂತುಬಿಡುತ್ತದೆ, ಎರಡಡಿ ಹತ್ತಿರ ಹೋದರೂ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಹೆಜ್ಜೆ ಎಣಿಸಿದ ನಿಜವಾದ ದೂರ, ದಾರ ಹೇಗಿತ್ತು, ಗಾಳಿ ಯಾವ ಕಡೆಯಿಂದ, ಚಳಿ ಎಷ್ಟು ಅಂತ ನಾಲ್ಕು ಸಾಲು ಬರೆದು ಹಂತ 2ರ ಹಾಳೆಗಳ ಜೊತೆಯೇ ಇಡಿ. ಹೊಡೆದರೂ ಬರೆಯಿರಿ, ತಪ್ಪಿದರೂ ಬರೆಯಿರಿ. ತೋಟಾದ ಬ್ರ್ಯಾಂಡ್ ಅಥವಾ ಚೋಕ್ ಬದಲಿಸಿದರೆ ಆ ಹಾಳೆಗಳನ್ನು ಕಟ್ಟಿ ಪಕ್ಕಕ್ಕಿಟ್ಟು ಮತ್ತೆ ಗಾಳಿ ಇಲ್ಲದ ದಿನದಿಂದಲೇ ಶುರು ಮಾಡಬೇಕು.